ಪಿಂಡಗಳ ಶಿಬಿರ

ಆಗಸ್ಟ್ 21, ಬುಧವಾರ

ಈ ವರ್ಷ ಸುರಕ್ಷತೆಯನ್ನು ನನ್ನ ತಲೆಗೆ ಕಟ್ಟಿದ್ದಾರೆ. ಹೊಸಬರ ಶಿಬಿರ ನಡೆಸುವ ಪ್ರತಿ ಕ್ಲಬ್ಬಿನಲ್ಲೂ ಒಬ್ಬ 'ಸುರಕ್ಷತಾ ಅಧಿಕಾರಿ' ಇರಲೇಬೇಕಂತೆ, ವಿಶ್ವವಿದ್ಯಾಲಯದ ಹೊಸ ನಿಯಮ. ನಮ್ಮ ಗಲೇನೆ ರೋಯಿಂಗ್ ಕ್ಲಬ್ಬಿನ ಸಭೆಯಲ್ಲಿ ಯಾರಾಗುತ್ತೀರಿ ಎಂದು ಡೀಡರಿಕ್ ಕೇಳಿದಾಗ ಎಲ್ಲರೂ ಬಿಯರ್ ಗ್ಲಾಸಿನೊಳಗೆ ಏನೋ ಬಿದ್ದುಹೋದವರಂತೆ ಬಗ್ಗಿ ನೋಡುತ್ತ ಕೂತರಂತೆ. ನಾನು ಕಾಫಿ ತರಲು ಹೋಗಿದ್ದೆ. ಬರುವಷ್ಟರಲ್ಲಿ ಆಯ್ಕೆಯಾಗಿದ್ದೆ.

"ನೀನು ಫಾರ್ಮಸಿ ಮೂರನೇ ವರ್ಷ. ಅರ್ಧ ಡಾಕ್ಟ್ರೇ ಅಲ್ವಾ," ಅಂದ ಡೀಡರಿಕ್. ಕ್ಲಬ್ಬಿನ ಅಧ್ಯಕ್ಷನಾದ ಮೇಲೆ ಅವನು ಯಾರನ್ನೂ ಏನನ್ನೂ ಕೇಳುವುದಿಲ್ಲ, ಎಲ್ಲವನ್ನೂ ಅಭಿನಂದನೆಯ ಧಾಟಿಯಲ್ಲಿ ಹೇಳಿಬಿಡುತ್ತಾನೆ.

ಹದಿನಾಲ್ಕು ಪುಟದ ಯೋಜನೆ ಬರೆದೆ. ವೀರ್ಸ್ಮಾ ಮೇಡಂ ಎರಡು ಸಲ ವಾಪಸು ಕಳಿಸಿದರು. ಕ್ಲಬ್ಬುಗಳಲ್ಲಿ ರ‍್ಯಾಗಿಂಗ್ ಆಗದಂತೆ ನೋಡಿಕೊಳ್ಳಲು ವಿಶ್ವವಿದ್ಯಾಲಯ ಕೂರಿಸಿರುವ ಹೆಂಗಸು. ಕೋಣೆ ಮೆಟ್ಟಿಲಿನ ಕೆಳಗಿದೆ. ಕನ್ನಡಕದ ಮೇಲಿನಿಂದ ನೋಡುತ್ತಾರೆ.

"'ಹೊಸಬರಿಗೆ ಸಾಕಷ್ಟು ವಿಶ್ರಾಂತಿ ನೀಡಲಾಗುವುದು' ಅಂತ ಬರೆದಿದ್ದೀರಿ. ಸಾಕಷ್ಟು ಅಂದ್ರೆ ಎಷ್ಟು ಗಂಟೆ?"

"ಸಾಕಾಗುವಷ್ಟು."

"ಯಾರಿಗೆ ಸಾಕಾಗುವಷ್ಟು, ಅವರಿಗಾ ನಿಮಗಾ?"

ಇವರು ಜೀವನದಲ್ಲಿ ಒಂದು ಸಲವಾದರೂ ದೋಣಿಯಲ್ಲಿ ಕೂತಿದ್ದಾರೆಯೇ?

ಆಗಸ್ಟ್ 28, ಬುಧವಾರ

ನಲವತ್ತೊಂದು ಹೊಸಬರು, ನಲವತ್ತೊಂದು ಆರೋಗ್ಯದ ಫಾರಂ. ಎಲ್ಲವನ್ನೂ ಓದಿ ಹಸಿರು ಕಡತಕ್ಕೆ ಹಾಕಿದೆ. ಒಬ್ಬನಿಗೆ ಉಣ್ಣೆ ಆಗದು, ಒಬ್ಬಳಿಗೆ ಕಡಲೆಕಾಯಿ ಆಗದು. ಇನ್ನೊಬ್ಬ ಮಹಾಶಯ 'ಜೋರಾಗಿ ಕೂಗಿದರೆ ಆಗುವುದಿಲ್ಲ' ಎಂದು ಬರೆದಿದ್ದಾನೆ. ರೋಯಿಂಗ್ ಕ್ಲಬ್ಬಿಗೆ ಯಾಕೆ ಬಂದೆಯಪ್ಪ, ಗ್ರಂಥಾಲಯ ಇರಲಿಲ್ಲವೇ?

ಯಿಫ್ಕೆ ಎಂಬ ಹುಡುಗಿ ಮಾತ್ರ ಅರ್ಧ ಪುಟ ತುಂಬಿಸಿದ್ದಾಳೆ. ಟೈಪ್ ಒನ್ ಡಯಾಬಿಟೀಸ್. ತೋಳಿನ ಮೇಲೆ ರಕ್ತದ ಸಕ್ಕರೆ ಅಳೆಯುವ ಸೆನ್ಸರ್, ಅದರ ಲೆಕ್ಕ ಫೋನಿನಲ್ಲಿ ಬರುತ್ತದೆ, ಆದ್ದರಿಂದ ಫೋನ್ ಸದಾ ಜೊತೆಯಲ್ಲಿರಬೇಕು. ಜೇಬಿನಲ್ಲಿ ಗ್ಲೂಕೋಸ್ ಮಾತ್ರೆ, ಚೀಲದಲ್ಲಿ, ಸಕ್ಕರೆ ಕುಸಿದು ಪ್ರಜ್ಞೆ ತಪ್ಪಿದರೆ ಮೂಗಿಗೆ ಬಿಡುವ ಸ್ಪ್ರೇ. 'ಇದು ಎಲ್ಲಿದೆಯೆಂದು ಯಾರಾದರೂ ಒಬ್ಬರಿಗೆ ಗೊತ್ತಿದ್ದರೆ ಸಾಕು' ಎಂದು ಕೊನೆಯ ಸಾಲು. ಕೆಂಪು ಪೆನ್ನಿನಲ್ಲಿ ಗೆರೆ ಎಳೆದು ಒಳಗಿಟ್ಟೆ.

ನಮ್ಮ ಕಾಲದಲ್ಲಿ ಫಾರಂ ಎಂಬುದೇ ಇರಲಿಲ್ಲ. ನಾನು ಪಿಂಡವಾಗಿದ್ದಾಗ (ಹೊಸಬರು ಇನ್ನೂ ಹುಟ್ಟಿಲ್ಲ, ಶಿಬಿರ ಮುಗಿದ ಮೇಲೆಯೇ ಹುಟ್ಟುವುದು, ಅಲ್ಲಿಯ ತನಕ ಪಿಂಡ) ಕಾಲುವೆಯಲ್ಲಿ ಸೊಂಟದ ತನಕ ನಿಂತು ಕ್ಲಬ್ಬಿನ ಹಾಡು ಹಾಡಿದ್ದೆ. ಒಂದು ಗಂಟೆ ಹತ್ತು ನಿಮಿಷ. ಆಮೇಲೆ ಮೂತ್ರಪಿಂಡಕ್ಕೆ ಸೋಂಕು, ಎರಡು ವಾರ ಜ್ವರ. ಏನಾಯಿತೀಗ? ಬದುಕಿದ್ದೇನೆ, ಎಂಟು ಜನರ ದೋಣಿಯಲ್ಲಿ ಮೂರನೇ ಜಾಗ ನನ್ನದು. ಮಾರ್ಲೂಸ್ ಸಿಕ್ಕಿದ್ದೂ ಆ ನೀರಿನಲ್ಲೇ, ಪಕ್ಕದಲ್ಲಿ ಹಲ್ಲು ಕಟಕಟಿಸುತ್ತ ನಿಂತಿದ್ದಳು. ಈಗ ಒಂದೇ ಮನೆಯಲ್ಲಿದ್ದೇವೆ, ಒಂದೇ ಬೆಣ್ಣೆ ಡಬ್ಬಿ. ಈ ಸಲದ ಶಿಬಿರ ನಡೆಸುವವಳೂ ಅವಳೇ.

ವೀರ್ಸ್ಮಾ ಮೇಡಂ ಮೂರನೇ ಸಲ ಒಪ್ಪಿದರು. ಒಪ್ಪುವಾಗಲೂ ನಿಟ್ಟುಸಿರು.

ಸೆಪ್ಟೆಂಬರ್ 6, ಶುಕ್ರವಾರ

ಡ್ರೆಂತೆ ಪ್ರಾಂತ್ಯದ ಹಳ್ಳಿಯಲ್ಲೊಂದು ತೋಟದಮನೆ, ಶಿಬಿರ ಇಲ್ಲೇ. ಬಸ್ಸು ತಡ, ಚಾಲಕ ದಾರಿ ತಪ್ಪಿದ, ಸೂಪಿನ ಪಾತ್ರೆಯ ಮುಚ್ಚಳ ಮನೆಯಲ್ಲೇ ಉಳಿಯಿತು. ಎಲ್ಲದಕ್ಕೂ "ರೂಲೀನ್! ರೂಲೀನ್!" ಸುರಕ್ಷತಾ ಅಧಿಕಾರಿ ಎಂದರೆ ಮುಚ್ಚಳದ ಅಧಿಕಾರಿಯೂ ಹೌದೆಂದು ಯಾವ ನಿಯಮದಲ್ಲಿದೆಯೋ.

ಬಂದ ಕೂಡಲೇ ಫೋನ್ ಸಂಗ್ರಹ. ಪ್ರತಿ ವರ್ಷದ ಪದ್ಧತಿ. ಮಾರ್ಲೂಸ್ ಕೂಗಿದಳು, "ಪಿಂಡಗಳಾ! ಫೋನು, ಚೀಲ, ಜೇಬಲ್ಲಿರೋದು, ಎಲ್ಲಾ ಪೆಟ್ಟಿಗೆಗೆ! ಅಮ್ಮನಿಗೆ ಟಾಟಾ ಹೇಳಿ!" ಪೆಟ್ಟಿಗೆ ಹಿಡಿದು ನಿಂತವಳು ನಾನು. "ಹಾಕು ಪಿಂಡ, ಮುಂದೆ ಹೋಗು ಪಿಂಡ."

ಒಬ್ಬಳು ನಿಂತುಬಿಟ್ಟಳು. ಸಣ್ಣ ಹುಡುಗಿ, ಒಣಹುಲ್ಲಿನ ಬಣ್ಣದ ಜಡೆ.

"ಇದು ನಾನು ಇಟ್ಕೋಬೇಕಾಗುತ್ತೆ. ಫಾರಂನಲ್ಲಿ ಬರ್ದಿದ್ದೆ."

ಹಿಂದೆ ಸಾಲು ನಿಂತಿತ್ತು. ಡೀಡರಿಕ್ ದೂರದಿಂದಲೇ "ಏನಂತೆ ಆ ಪಿಂಡದ್ದು? ಎಲ್ಲರಿಗೂ ಒಂದೇ ರೂಲ್ಸು!" ಅಂದ. ನಾನು, "ಯಿಫ್ಕೆ, ನಾಳೆ ಮಧ್ಯಾಹ್ನ ಕೊಡ್ತೀನಿ, ಈಗ ಹಾಕು," ಅಂದೆ. ಹಾಕಿದಳು. ಮಾತ್ರೆಯ ಕೊಳವೆಯನ್ನೂ ಹಾಕಿದಳು.

ಪೆಟ್ಟಿಗೆಯನ್ನು ಕಣಜದ ಬೀರುವಿನಲ್ಲಿಟ್ಟು ಬೀಗ ಹಾಕಿದೆವು. ಕೀಲಿ ಡೀಡರಿಕ್ ಹತ್ತಿರ. ಹಾಸಿಗೆಗಳು ತೇವ. ನಾಳೆಯಾದರೂ ಬೇರೊಂದು ಮುಚ್ಚಳ ಹುಡುಕಬೇಕು.

ಸೆಪ್ಟೆಂಬರ್ 7, ಶನಿವಾರ

ಇವತ್ತು ಬೇಡ.

ಸೆಪ್ಟೆಂಬರ್ 8, ಭಾನುವಾರ

ಬರೆದರೆ ತಲೆಯೊಳಗೆ ಓಡುವುದು ನಿಲ್ಲಬಹುದು.

ನಿನ್ನೆ ಬೆಳಿಗ್ಗೆ ತಿಂಡಿ ಎಂಟಕ್ಕೆ ಎಂದು ಹೇಳಲಾಗಿತ್ತು. ಹಾಗಂತ ಯಿಫ್ಕೆ ಏಳೂಮುಕ್ಕಾಲಿಗೇ ಇನ್ಸುಲಿನ್ ತೆಗೆದುಕೊಂಡಿದ್ದಾಳೆ, ಅದಾದ ಮೇಲೆ ತಿನ್ನದಿದ್ದರೆ ಸಕ್ಕರೆ ಕುಸಿಯುತ್ತದೆ. ಆ ಪೆನ್ನನ್ನು ಮಾತ್ರ ಹೇಗೋ ಕಾಲುಚೀಲದೊಳಗೆ ಉಳಿಸಿಕೊಂಡಿದ್ದಳು. ಎಂಟಕ್ಕೆ ತಿಂಡಿ ಇರಲಿಲ್ಲ. ತಿಂಡಿಯನ್ನು ಗಳಿಸಬೇಕಿತ್ತು. ಎಂಟೆಂಟು ಜನ ಸೇರಿ ಒಂದೊಂದು ಹಳೇ ದೋಣಿಯನ್ನು ತಲೆಯ ಮೇಲೆತ್ತಿ ಹಾಡುತ್ತ ಕಣಜದ ಹಿಂದಿನ ಹೊಲಕ್ಕೆ ಹತ್ತು ಸುತ್ತು. ಒಂದು ಪದ ತಪ್ಪಿದರೆ ಮೊದಲಿಂದ. ಇದೂ ಪ್ರತಿ ವರ್ಷದ ಪದ್ಧತಿಯೇ.

ನಾನು ಕಣಜದೊಳಗೆ ಕಾಫಿ ಕುಡಿಯುತ್ತಿದ್ದೆ. ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಬೀರುವಿನೊಳಗೆ ಫೋನ್ ಕೂಗಲು ಶುರುವಾಯಿತು. ಕರೆ ಬಂದ ಸದ್ದಲ್ಲ ಅದು. ಸೈರನ್ನಿನ ಹಾಗೆ ಏರಿ ಏರಿ ಬಿದ್ದು, ಮತ್ತೆ ಏರುವುದು. "ಯಾರದೋ ಅಮ್ಮ ಅಳ್ತಿದಾಳೆ," ಅಂದ ಡೀಡರಿಕ್. ಎಲ್ಲರೂ ನಕ್ಕರು. ನಾನೂ. ನಿಂತಿತು, ಐದು ನಿಮಿಷ ಬಿಟ್ಟು ಮತ್ತೆ ಕೂಗಿತು.

ನನಗೆ ಅದು ಏನೆಂದು ಗೊತ್ತಿತ್ತು. ಸಕ್ಕರೆ ಕುಸಿಯುತ್ತಿದೆ ಎನ್ನುವ ಸೆನ್ಸರಿನ ಅಲಾರಂ, ಕಳೆದ ವರ್ಷ ಪ್ರಾಯೋಗಿಕ ತರಗತಿಯಲ್ಲಿ ಆ ಸದ್ದನ್ನು ಕೇಳಿಸಿದ್ದರು. "ಡೀಡರಿಕ್, ಕೀಲಿ ಕೊಡು, ಅದು ಆ ಹುಡುಗಿದು," ಅಂದೆ. "ಹತ್ತು ಸುತ್ತು ಮುಗೀಲಿ ಮಾರಾಯ್ತಿ, ಒಬ್ಬಳಿಗೆ ತೆಗೆದ್ರೆ ನಲವತ್ತು ಜನಕ್ಕೂ ತೆಗೀಬೇಕು," ಅಂದ. ನಾನು ಇನ್ನೊಂದು ಕಪ್ ಬಗ್ಗಿಸಿಕೊಂಡೆ. ಬಗ್ಗಿಸಿಕೊಂಡದ್ದು ಹೌದು. ಕುಡಿಯಲಿಲ್ಲ.

ಒಂಬತ್ತೂವರೆಗೆ ಹೊಲದಿಂದ ನಗು. ಹೋಗಿ ನೋಡಿದರೆ ಯಿಫ್ಕೆ ದೋಣಿ ಬಿಟ್ಟು ಒಬ್ಬಳೇ ಬೇರೆ ದಿಕ್ಕಿಗೆ ನಡೆಯುತ್ತಿದ್ದಾಳೆ, ಕುಡಿದವಳ ಹಾಗೆ, ಯಾರನ್ನೋ ಬೈಯುತ್ತ. "ಈ ಪಿಂಡಕ್ಕೆ ಬೆಳಿಗ್ಗೇನೇ ಏರಿದೆ!" ಅಂದಳು ಮಾರ್ಲೂಸ್. ಆಮೇಲೆ ಹುಡುಗಿ ಬಿದ್ದಳು. ಬಿದ್ದವಳಿಗೆ ಕೈಕಾಲು ಅದುರಿತು, ಬಾಯಲ್ಲಿ ರಕ್ತ.

ಮುಂದಿನದು ತುಂಡು ತುಂಡಾಗಿ ನೆನಪಿದೆ. ಮಾರ್ಲೂಸ್ ಜೇಬಿನಿಂದ ಬಿಸ್ಕತ್ತು ತೆಗೆದು ಬಾಯಿಗೆ ತುರುಕಲು ಬಂದಳು, ನಾನು ಅವಳ ಕೈಯನ್ನು ಹೊಡೆದೆ. ನಿಜವಾಗಿ ಹೊಡೆದೆ. "ಉಸಿರು ಕಟ್ಟುತ್ತೆ! ಮಗ್ಗುಲಿಗೆ ತಿರುಗಿಸು!" ಕಣಜಕ್ಕೆ ಓಡಿದೆ. ಡೀಡರಿಕ್ ಕೀಲಿಗಾಗಿ ಜೇಬು ತಡಕುತ್ತಲೇ ಇದ್ದ. ಬೀರುವಿನ ಬಾಗಿಲು ಒದ್ದೆ. ಹಳೇ ಮರ, ಮೂರನೇ ಒದೆತಕ್ಕೆ ಬಿತ್ತು. ಚೀಲ ಸುರಿದೆ. ಸ್ಪ್ರೇ ಸಿಕ್ಕಿತು. ಹೊಲಕ್ಕೆ ವಾಪಸು ಓಡಿ ಅವಳ ಮೂಗಿಗೆ ಬಿಟ್ಟೆ. ತುರ್ತು ನಂಬರಿಗೆ ಫೋನ್ ಮಾಡಲು ನನ್ನ ಫೋನ್ ತೆಗೆದಾಗ ಡೀಡರಿಕ್ ಅದರ ಮೇಲೆ ಕೈಯಿಟ್ಟ.

"ಆಂಬುಲೆನ್ಸ್ ಬಂದ್ರೆ ಪೇಪರಲ್ಲಿ ಬರುತ್ತೆ. ನನ್ನ ಕಾರಲ್ಲಿ ಕರ್ಕೊಂಡು ಹೋಗೋಣ."

"ಕೈ ತೆಗಿ."

"ರೂಲೀನ್, ಒಂದ್ ನಿಮಿಷ ಯೋಚ್ನೆ ಮಾಡು."

"ಕೈ ತೆಗಿಯೋ!"

ಆಂಬುಲೆನ್ಸ್ ಬರಲು ಹದಿನೆಂಟು ನಿಮಿಷ ಹಿಡಿಯಿತು. ಅದು ಬರುವ ಹೊತ್ತಿಗೆ ಅವಳು ಕಣ್ಣು ಬಿಟ್ಟಿದ್ದಳು. ಉಳಿದ ನಲವತ್ತು ಮಂದಿ ದೋಣಿಗಳನ್ನು ತಲೆಯ ಮೇಲಿಟ್ಟುಕೊಂಡೇ ನಿಂತಿದ್ದರು. ಇಳಿಸಿ ಎಂದು ಯಾರೂ ಹೇಳಿರಲಿಲ್ಲ.

ಸೆಪ್ಟೆಂಬರ್ 9, ಸೋಮವಾರ

ಆಸ್ಪತ್ರೆಯಲ್ಲಿ ಇನ್ನೊಂದು ದಿನ ಇಟ್ಟುಕೊಳ್ಳುತ್ತಾರಂತೆ. ನಾಲಿಗೆಗೆ ಎರಡು ಹೊಲಿಗೆ. ಮಿಕ್ಕಂತೆ ಪರವಾಗಿಲ್ಲ. ಪರವಾಗಿಲ್ಲ ಎಂಬ ಪದ ಕೇಳಿದರೆ ಮೈ ಉರಿಯುತ್ತಿದೆ.

ಸಂಜೆ ಡೀಡರಿಕ್ ಮನೆಗೆ ಬಂದ. ಜೊತೆಗೆ ಸೇಬಿನ ಕೇಕು! ನಮ್ಮ ಅಡುಗೆಮನೆಯಲ್ಲಿ ಕೂತು, ತಟ್ಟೆ ಕೇಳಿ, ಕೇಕನ್ನು ಎಂಟು ಸಮಭಾಗ ಮಾಡಿ, ಆಮೇಲೆ ಟೈಪು ಮಾಡಿದ ಹಾಳೆಯೊಂದನ್ನು ಮೇಜಿನ ಮೇಲಿಟ್ಟ. ನಮ್ಮ ಶಿಬಿರ ಸಮಿತಿಯ ಒಂಬತ್ತೂ ಜನರ ಪರವಾಗಿ ಒಂದೇ ಹೇಳಿಕೆ. 'ಶಿಬಿರಾರ್ಥಿಯು ತನ್ನ ಆರೋಗ್ಯ ಸ್ಥಿತಿಯ ಬಗ್ಗೆ ಸಂಘಟಕರಿಗೆ ತಿಳಿಸಿರಲಿಲ್ಲ.'

"ತಿಳಿಸಿದ್ಲು. ಫಾರಂ ಇದೆ," ಅಂದೆ.

"ಇದೆಯಾ?" ಅಂದ. ಎಷ್ಟು ಮೆತ್ತಗೆ ಅಂದನೆಂದರೆ ಒಂದು ಕ್ಷಣ ನನಗೇ ಅನುಮಾನ ಬಂತು. "ನಾನಂತೂ ನೋಡಿಲ್ಲ. ಇಲ್ಲಿ ಯಾರೂ ನೋಡಿಲ್ಲ. ನೋಡಿರೋದು ಒಬ್ಬಳೇ. ಆ ಕಡತ ಯಾರ ಹತ್ರ ಇದೆಯೋ ಅವಳು. ಕೆಂಪು ಗೆರೆ ಬೇರೆ ಎಳೆದಿದ್ದಾಳಂತೆ. ಅವಳಿಗೇ ಕಷ್ಟ ಆಗೋದು, ಅಲ್ವಾ? ನಾನು ಹೇಳ್ತಿರೋದು ನಿನ್ನ ಒಳ್ಳೇದಕ್ಕೆ."

ಕೆಂಪು ಗೆರೆಯ ವಿಷಯ ನಾನು ಮಾರ್ಲೂಸಳಿಗೆ ಮಾತ್ರ ಹೇಳಿದ್ದೆ.

ಕೇಕು ಹಾಗೇ ಇದೆ. ಚೆನ್ನಾಗಿದೆ ಅನಿಸುತ್ತದೆ, ಅದೇ ಸಿಟ್ಟು.

ಸೆಪ್ಟೆಂಬರ್ 10, ಮಂಗಳವಾರ

ಮಾರ್ಲೂಸ್ ಬೆಳಿಗ್ಗೆ ಬ್ರೆಡ್ಡಿನ ಮೇಲೆ ಚಾಕೊಲೇಟ್ ಚೂರು ಉದುರಿಸುತ್ತ, ನನ್ನ ಮುಖ ನೋಡದೆ ಶುರು ಮಾಡಿದಳು.

"ಒಂದು ಹಾಳೆ ಕಣೇ. ಹಾಳೆ ಕಳೆದುಹೋಗಲ್ವಾ? ನೀನು ತಿಂಗಳಿಗೊಂದು ಸಲ ಸೈಕಲ್ ಕೀಲಿ ಕಳ್ಕೊಳ್ತೀಯ."

"ಅವಳು ಸುಳ್ಳು ಹೇಳಿದ್ಲು ಅಂತಾಗುತ್ತೆ."

"ಅವಳು ಹುಷಾರಾಗಿದಾಳಲ್ಲ! ಯಾರೂ ಸತ್ತಿಲ್ಲ. ಕ್ಲಬ್ ಮುಚ್ಚಿದ್ರೆ ಇನ್ನೂರು ಜನ ಬೀದಿಗೆ. ನೂರ ಮೂವತ್ತು ವರ್ಷದ್ದು ಕಣೇ. ನಮ್ಮ ದೋಣಿ, ನಿನ್ನ ಜಾಗ, ಎಲ್ಲಾ. ನಾವೂ ನಿಂತಿರಲಿಲ್ವಾ ನೀರಲ್ಲಿ? ನಾವ್ಯಾರಾದ್ರೂ ದೂರು ಕೊಟ್ವಾ?"

"ಇಲ್ಲ."

"ಮತ್ತೆ?"

 ಆ ಎರಡು ವಾರದ ಜ್ವರದಲ್ಲಿ ಕ್ಲಬ್ಬಿನಿಂದ ನನ್ನನ್ನು ನೋಡಲು ಬಂದವರು ಯಾರು ಎಂದು ಲೆಕ್ಕ ಹಾಕಿದೆ. ಮಾರ್ಲೂಸ್ ಬಂದಿದ್ದಳು, ಒಂಬತ್ತನೇ ದಿನ, ಕ್ಲಬ್ಬಿನ ಟೀ ಶರ್ಟು ತಂದಿದ್ದಳು. ಅದನ್ನು ಹಾಕಿಕೊಂಡು ಅತ್ತಿದ್ದೆ, ಸಂತೋಷಕ್ಕೆ ಅಂದುಕೊಂಡಿದ್ದೆ. ಇರಲಿ, ಇದಕ್ಕೂ ಅದಕ್ಕೂ ಸಂಬಂಧವಿಲ್ಲ.

ಹಸಿರು ಕಡತವನ್ನು ಒಗೆಯುವ ಬಟ್ಟೆಯ ಬುಟ್ಟಿಯ ತಳಕ್ಕೆ ಹಾಕಿದ್ದೇನೆ. ಆ ಬುಟ್ಟಿಗೆ ಈ ಮನೆಯಲ್ಲಿ ಯಾರೂ ಕೈ ಹಾಕುವುದಿಲ್ಲ.

ಸೆಪ್ಟೆಂಬರ್ 11, ಬುಧವಾರ

ವಿಶ್ವವಿದ್ಯಾಲಯದ ಜಾಲತಾಣದಲ್ಲಿ ದೂರು ದಾಖಲಿಸಲು ಕೂತೆ. 'ಘಟನೆಯ ಸ್ವರೂಪವನ್ನು ಆರಿಸಿ: ಗದ್ದಲ / ಮದ್ಯ / ಸೈಕಲ್ ನಿಲುಗಡೆ / ಇತರೆ.' ಇತರೆ. 'ಇತರೆ ಎಂದರೇನೆಂದು ಇನ್ನೂರು ಅಕ್ಷರಗಳಲ್ಲಿ ವಿವರಿಸಿ.' ವಿವರಿಸಿದೆ. ಇನ್ನೂರ ನಾಲ್ಕು ಅಕ್ಷರವಾಯಿತು. ನಾಲ್ಕು ಅಕ್ಷರ ಕಡಿಮೆ ಮಾಡುವಷ್ಟರಲ್ಲಿ ಸಮಯ ಮುಗಿದು ಪುಟವೇ ಅಳಿಸಿಹೋಯಿತು. ಮತ್ತೆ. ಮೂರನೇ ಸಲಕ್ಕೆ ಲ್ಯಾಪ್‌ಟಾಪ್ ಮುಚ್ಚಿ ಸೈಕಲ್ ಹತ್ತಿ ನೇರ ವೀರ್ಸ್ಮಾ ಮೇಡಂ ಕೋಣೆಗೆ ಹೋಗಿ, ಬಾಗಿಲು ಬಡಿಯದೆ ಒಳಗೆ ನುಗ್ಗಿ, "ನಿಮ್ಮ ಆ ಜಾಲತಾಣ ಯಾರು ಮಾಡಿದ್ದು?" ಎಂದು ಕೂಗಾಡಿದೆ.

"ಗೊತ್ತು," ಅಂದರು. "ಮೂರು ವರ್ಷದಿಂದ ನಾನೂ ಅದನ್ನೇ ಕೇಳ್ತಿದೀನಿ. ಕೂತ್ಕೊಳ್ಳಿ. ಕಾಗದ ಕೊಡ್ತೀನಿ, ಕೈಯಲ್ಲೇ ಬರೀರಿ."

ಹೆಸರು ಹಾಕದೆಯೂ ಕೊಡಬಹುದು ಎಂದರು. ಯೋಚಿಸಿ ನೋಡಿದೆ. ಫಾರಂ ಇದ್ದದ್ದು ನನ್ನ ಹತ್ತಿರ ಮಾತ್ರ. ಹೆಸರು ಹಾಕದಿದ್ದರೂ ನನ್ನ ಮುಖ ಅದರ ಮೇಲೆ ಅಚ್ಚಾಗಿರುತ್ತದೆ. ಬರೆದೆ, ಒಂದೂವರೆ ಪುಟ. ಓದಿದರು. ಪೆನ್ಸಿಲ್ ತೆಗೆದು ನಾಲ್ಕು ಪದಗಳಿಗೆ ಸುತ್ತು ಹಾಕಿ, ಪಕ್ಕದಲ್ಲಿ ಒಂದೇ ಪ್ರಶ್ನೆ ಬರೆದರು.

'ಫೋನುಗಳನ್ನು ಸಂಗ್ರಹಿಸಲಾಯಿತು.' ಯಾರು?

'ತಿಂಡಿಯನ್ನು ಮುಂದೂಡಲಾಯಿತು.' ಯಾರು?

'ಎಚ್ಚರಿಕೆಯ ಸದ್ದನ್ನು ಕಡೆಗಣಿಸಲಾಯಿತು.' ಯಾರು?

'ಆಂಬುಲೆನ್ಸ್ ಕರೆಯದಂತೆ ತಡೆಯಲಾಯಿತು.' ಯಾರು?

"ವ್ಯಾಕರಣ ಪಾಠಕ್ಕೆ ಬಂದಿಲ್ಲ ನಾನು," ಅಂದೆ.

"ಇಲ್ಲಿಗೆ ಬರೋ ಎಲ್ಲಾ ಕಾಗದದಲ್ಲೂ ಎಲ್ಲಾನೂ ತಾನಾಗೇ ಆಗಿರುತ್ತೆ," ಅಂದರು ಬೇಸರದಿಂದ. "ಮನೆಗೆ ತಗೊಂಡು ಹೋಗಿ. ಅವಸರ ಇಲ್ಲ."

ಅವಸರ ಇಲ್ಲವಂತೆ! ಬರುವಾಗ ಇಡೀ ದಾರಿ ಅವರನ್ನು ಬೈದುಕೊಂಡು ಬಂದೆ.

ಸೆಪ್ಟೆಂಬರ್ 13, ಶುಕ್ರವಾರ

ಆ ನಾಲ್ಕು 'ಯಾರು?'ಗಳಲ್ಲಿ ಎರಡನೆಯದು, ನಾಲ್ಕನೆಯದು ಸುಲಭ. ಮಾರ್ಲೂಸ್. ಡೀಡರಿಕ್.

ಸೆಪ್ಟೆಂಬರ್ 15, ಭಾನುವಾರ

ಎಂಟು ಜನರ ದೋಣಿಯ ಗುಂಪಿನಿಂದ ನನ್ನ ನಂಬರ್ ತೆಗೆದಿದ್ದಾರೆ. ಬೆಳಿಗ್ಗೆ ಅಭ್ಯಾಸಕ್ಕೆ ಹೋದರೆ ಮೂರನೇ ಜಾಗದಲ್ಲಿ ಬೇರೆಯವಳು ಕೂತಿದ್ದಳು.  ದಡದ ಮೇಲೆ ಹುಟ್ಟು ಹಿಡಿದುಕೊಂಡು ನಿಂತೆ, ಅದನ್ನು ಎಲ್ಲಿಡಬೇಕೆಂದು ತಿಳಿಯದೆ. ಇನ್ನೂ ಏನನ್ನೂ ಕೊಟ್ಟಿಲ್ಲವಲ್ಲ ನಾನು! ಕೊಡದೆಯೇ ಚಾಡಿಕೋರಳಾಗಿದ್ದೇನೆ. ಮನೆಯ ಬಚ್ಚಲಿನ ಕನ್ನಡಿಯ ಮೇಲೆ ಯಾರೋ ತುಟಿಬಣ್ಣದಲ್ಲಿ ಇಲಿಯ ಚಿತ್ರ ಬರೆದಿದ್ದಾರೆ, ಚಾಡಿಕೋರರಿಗೆ ಇಲ್ಲಿನ ಹೆಸರು ಅದು. ಕಿವಿ ತುಂಬ ದೊಡ್ಡದಾಗಿದೆ. ಈ ಮನೆಯಲ್ಲಿ ಒಬ್ಬರಿಗಾದರೂ ಚಿತ್ರ ಬರೆಯಲು ಬರಬಾರದೇ.

ಬಟ್ಟೆ ಬುಟ್ಟಿಯನ್ನು ಯಾರೋ ಜಾಲಾಡಿದ್ದಾರೆ. ಕಡತ ಸಿಕ್ಕಿಲ್ಲ, ಗುರುವಾರವೇ ಚೀಲಕ್ಕೆ ಹಾಕಿಕೊಂಡಿದ್ದೆ.

ಸೆಪ್ಟೆಂಬರ್ 17, ಮಂಗಳವಾರ

ಕೊಟ್ಟೆ. ಫಾರಂ ಕೂಡ, ಕೆಂಪು ಗೆರೆಯ ಸಮೇತ. ಮೂರು ಸುತ್ತುಗಳಿಗೆ ಹೆಸರು ತುಂಬಿದ್ದೆ. ಎಚ್ಚರಿಕೆಯ ಸದ್ದಿಗೆ 'ಡೀಡರಿಕ್ ಮತ್ತು ಅಲ್ಲಿದ್ದ ಎಲ್ಲರೂ' ಎಂದು. ಮೊದಲನೆಯದಕ್ಕೆ 'ಸಮಿತಿ' ಎಂದು.

ವೀರ್ಸ್ಮಾ ಮೇಡಂ 'ಸಮಿತಿ' ಎಂಬ ಪದವನ್ನು ಬಹಳ ಹೊತ್ತು ನೋಡಿದರು. ಪೆನ್ಸಿಲ್ ಎತ್ತಲಿಲ್ಲ. ಬೈದಿದ್ದರೂ ಚೆನ್ನಾಗಿತ್ತು.

ಅಕ್ಟೋಬರ್ 3, ಗುರುವಾರ

ಹೊಸ ಕೋಣೆ. ಬೇಕರಿಯ ಮೇಲೆ, ಬೆಳಗಿನ ಜಾವವೇ ಹಿಟ್ಟು ಕಲೆಸುವ ಯಂತ್ರ ಗುಡುಗುತ್ತದೆ. ಮಾರ್ಲೂಸ್ ಸಾಮಾನು ಇಳಿಸಲು ಬರಲಿಲ್ಲ. ಬೆಣ್ಣೆ ಡಬ್ಬಿಯ ಮೇಲೆ ತನ್ನ ಹೆಸರು ಬರೆದಿಟ್ಟಿದ್ದಳು. ಬೆಣ್ಣೆ ಕೊಂಡದ್ದು ನಾನು!

ಅಮ್ಮ ಫೋನಿನಲ್ಲಿ, "ಊಟ ಮಾಡ್ತಿದ್ದೀಯಾ?" ಅಂದರು. ಮಾಡ್ತಿದ್ದೇನೆ ಅಂದೆ. "ಏನೂ ಹೇಳಬೇಕಾಗಿಲ್ವಾ?" ಅಂದರು. ಇಲ್ಲ ಅಂದೆ. ಅರ್ಧ ಗಂಟೆ ಇಬ್ಬರೂ ಹವಾಮಾನದ ಬಗ್ಗೆ ಮಾತಾಡಿದೆವು.

ಅಕ್ಟೋಬರ್ 24, ಗುರುವಾರ

ವಿಚಾರಣೆ. ಮಧ್ಯಾಹ್ನ ಎರಡಕ್ಕೆ ಎಂದಿದ್ದರು, ಮೂರಾಯಿತು. ಪ್ರಾಧ್ಯಾಪಕರೊಬ್ಬರ ಸೈಕಲ್ ಪಂಕ್ಚರ್ ಆಗಿತ್ತಂತೆ. ಒಂದು ಗಂಟೆ ಹೊರಗಿನ ಬೆಂಚಿನ ಒಂದು ತುದಿಯಲ್ಲಿ ನಾನು, ಇನ್ನೊಂದು ತುದಿಯಲ್ಲಿ ಡೀಡರಿಕ್, ಎದುರಿಗೆ ಯಿಫ್ಕೆ ಮತ್ತು ಅವಳ ಅಪ್ಪ. ಅಪ್ಪ ಹಾಲು ಕರೆಯುವ ದೊಡ್ಡ ಕೈಗಳ ಮನುಷ್ಯ, ಟೈ ಕಟ್ಟಿಕೊಂಡು ಬಂದಿದ್ದರು, ಅದನ್ನು ಹತ್ತು ಸಲ ಸಡಿಲಿಸಿದರು.

ಒಳಗೆ ಡೀಡರಿಕ್ ಮೊದಲು ಮಾತಾಡಿದ. ವಿಷಾದ, ಪರಂಪರೆ, ಸಂವಹನದ ಕೊರತೆ. ಚೆನ್ನಾಗಿಯೇ ಮಾತಾಡಿದ. ಆಮೇಲೆ ವಿಚಾರಣಾ ಮಂಡಳಿಯ ಅಧ್ಯಕ್ಷರು ನನ್ನ ಕಾಗದ ಓದುತ್ತ, "ಫೋನುಗಳನ್ನು ಸಮಿತಿ ಸಂಗ್ರಹಿಸಿತು ಅಂತಿದೆ. ಸಮಿತಿಯಲ್ಲಿ ಒಂಬತ್ತು ಜನ. ಈ ಹುಡುಗಿಯ ಕೈಯಿಂದ ತಗೊಂಡಿದ್ದು ಯಾರು?" ಎಂದರು.

ಡೀಡರಿಕ್ ನನ್ನ ಕಡೆ ತಿರುಗಿ ನೋಡಿದ. ನಗಲಿಲ್ಲ, ಅಷ್ಟು ಕೆಟ್ಟವನಲ್ಲ. ಕಾಯುತ್ತಿದ್ದ.

"ನಾನು," ಅಂದೆ.

"ಆಗ ನಿಮಗೆ ಇವಳ ಕಾಯಿಲೆ ಗೊತ್ತಿರಲಿಲ್ಲ?"

"ಗೊತ್ತಿತ್ತು. ಫಾರಂ ಓದಿದ್ದೆ. ಇನ್ಸುಲಿನ್ ಬಗ್ಗೆ ಪರೀಕ್ಷೆ ಬರೆದಿದ್ದೆ. ಸಾಲು ನಿಂತಿತ್ತು, ತಡ ಆಗ್ತಿತ್ತು. ಅಲಾರಂ ಹೊಡ್ಕೊಂಡಾಗಲೂ ಗೊತ್ತಿತ್ತು. ಇಪ್ಪತ್ತು ನಿಮಿಷ ಕೂತಿದ್ದೆ." ಆಮೇಲೆ, ಯಾರೂ ಕೇಳದಿದ್ದರೂ ಕಾಲುವೆಯ ವಿಷಯ ಹೇಳಿದೆ. ಒಂದು ಗಂಟೆ ಹತ್ತು ನಿಮಿಷ, ಜ್ವರ, ಒಂಬತ್ತನೇ ದಿನ, ಟೀ ಶರ್ಟು. ಯಾಕೆ ಹೇಳಿದೆನೋ.  ವೀರ್ಸ್ಮಾ ಮೇಡಂ ನೀರಿನ ಲೋಟವನ್ನು ನನ್ನ ಮುಂದೆ ಸರಿಸಿದರು. ಕೋಪ ಬಂತು, ಕುಡಿದೆ.

ಯಿಫ್ಕೆಯನ್ನು ಏನಾದರೂ ಹೇಳುವುದಿದೆಯೇ ಎಂದು ಕೇಳಿದರು. ನಾಲಿಗೆಯ ಗಾಯದಿಂದ ಅವಳ ಮಾತು ಇನ್ನೂ ಸ್ವಲ್ಪ ತೊದಲು.

"ಅವಳಿಗೆ ಗೊತ್ತು ಅಂತ ನನಗೆ ಗೊತ್ತಿತ್ತು. ಎಲ್ಲರನ್ನೂ ಪಿಂಡ ಅಂತಿದ್ಲು. ನನ್ನ ಹೆಸರು ಹಿಡಿದು ಕರೆದ್ಲು. ಆಸ್ಪತ್ರೆಯಲ್ಲಿ ಅದನ್ನೇ ಯೋಚ್ನೆ ಮಾಡ್ತಿದ್ದೆ. ಅವಳೇ ಹೇಳ್ತಾಳಾ ಇಲ್ವಾ ಅಂತ ನೋಡೋಣ ಅಂತ ಸುಮ್ನಿದ್ದೆ."

ನನ್ನನ್ನು ಕ್ಷಮಿಸಿದ್ದೇನೆ ಎನ್ನಲಿಲ್ಲ. ಅಪ್ಪ ಹೊರಡುವಾಗ ನನ್ನ ಕೈ ಕುಲುಕಿ, ಟೈ ಬಿಚ್ಚಿ ಜೇಬಿಗೆ ತುರುಕಿಕೊಂಡು ಹೋದರು.

ನವೆಂಬರ್ 14, ಗುರುವಾರ

ತೀರ್ಪಿನ ಪತ್ರ. ಗಲೇನೆಗೆ ಒಂದು ವರ್ಷ ಮಾನ್ಯತೆ ಇಲ್ಲ, ಹೊಸಬರ ಶಿಬಿರ ಶಾಶ್ವತವಾಗಿ ರದ್ದು. ಡೀಡರಿಕ್, ಮಾರ್ಲೂಸ್ ಇಬ್ಬರಿಗೂ ಎರಡು ವರ್ಷ ಯಾವ ಸಂಘದ ಹುದ್ದೆಯೂ ಇಲ್ಲ. ನನಗೆ ಒಂದು ವರ್ಷ, ಜೊತೆಗೆ ಲಿಖಿತ ಛೀಮಾರಿ. ಮೂರು ಸಲ ಓದಿದೆ, ಅನ್ಯಾಯ ಎಲ್ಲಿದೆ ಎಂದು ಹುಡುಕುತ್ತ. ಸಿಗಲಿಲ್ಲ. ನನ್ನ ಹೆಸರನ್ನು ಮಾತ್ರ ತಪ್ಪಾಗಿ ಬರೆದಿದ್ದಾರೆ, ಎರಡು ಕಡೆ.

ಮಾರುಕಟ್ಟೆಯಲ್ಲಿ ಮಾರ್ಲೂಸ್ ಎದುರಾದಳು. ಕೈಯಲ್ಲಿ ಹೂಕೋಸು. ಇಬ್ಬರೂ ನಿಂತೆವು.

"ಖುಷಿನಾ ಈಗ?" ಅಂದಳು.

"ಇಲ್ಲ."

"ನನಗೂ ಅವತ್ತು ನೀರಲ್ಲಿ ತುಂಬಾ ಭಯ ಆಗಿತ್ತು," ಅಂದುಬಿಟ್ಟು, ನಾನೇ ಆ ಮಾತನ್ನು ಅವಳ ಬಾಯಿಂದ ಕಿತ್ತುಕೊಂಡೆನೇನೋ ಎನ್ನುವ ಹಾಗೆ ಸಿಟ್ಟಿನಿಂದ ನೋಡಿ ಹೋದಳು.

ಬೆಳಿಗ್ಗೆ ಮತ್ತೆ ಆ ಹಿಟ್ಟಿನ ಯಂತ್ರ. ದೇವರೇ.

ಫೆಬ್ರವರಿ 9, ಭಾನುವಾರ

ನಾಳೆ ಒಂಬತ್ತಕ್ಕೆ ಪರೀಕ್ಷೆ. ಆರು ಅಧ್ಯಾಯ ಬಾಕಿ. ಮಧ್ಯಾಹ್ನ ಎರಡಕ್ಕೆ ಗೊತ್ತಿಲ್ಲದ ನಂಬರಿನಿಂದ ಫೋನು, ಹುಡುಗನ ಧ್ವನಿ.

"ಗಲೇನೆ ಮೇಲೆ ಚಾಡಿ ಹೇಳಿದೋಳು ನೀನೇನಾ?"

"ನಾನೇ. ಬೈಯೋದಿದ್ರೆ ಬೇಗ ಬೈದು ಮುಗಿಸು, ಓದೋದಿದೆ."

 ಇಟ್ಟುಬಿಡೋಣ ಎಂದುಕೊಂಡೆ.

"ಬೈಯೋಕಲ್ಲ," ಅಂದ. "ನಮ್ಮ ಕ್ಲಬ್ಬಲ್ಲೂ... ಒಬ್ಬನಿಗೆ ಕೈ ಮುರೀತು. ಸೈಕಲ್ಲಿಂದ ಬಿದ್ದ ಅಂತ ಅವನ ಕೈಲೇ ಹೇಳಿಸಿದ್ವಿ. ಅವನು ಸೈಕಲ್ಲಿಂದ ಬಿದ್ದಿಲ್ಲ."

"ವೀರ್ಸ್ಮಾ ಮೇಡಂ ನಂಬರ್ ಕೊಡ್ತೀನಿ. ನಾಳೆ ಬೆಳಿಗ್ಗೆ ಮಾಡು. ಒರಟು ಹೆಂಗಸು, ಆದ್ರೆ ಕೇಳಿಸ್ಕೊಳ್ತಾರೆ."

"ಹ್ಞೂಂ. ನಾಳೆ."  ಆಮೇಲೆ, "ನಾಳೆ ತನಕ ನನಗೆ ಧೈರ್ಯ ಇರುತ್ತೋ ಇಲ್ವೋ ಗೊತ್ತಿಲ್ಲ. ಅವನನ್ನ ತಳ್ಳಿದೋನು ನಾನೇ."

ಎಲ್ಲಿದ್ದೀಯ ಎಂದು ಕೇಳಿದೆ. ಊರಿನ ಆ ತುದಿ, ರೈಲು ಹಳಿಯಾಚೆಯ ವಿದ್ಯಾರ್ಥಿನಿಲಯ. ಇಲ್ಲಿಂದ ನಲವತ್ತು ನಿಮಿಷ, ಪೂರ್ತಿ ಎದುರುಗಾಳಿ. ಏನಾದರೂ ತಿಂದಿದ್ದೀಯಾ ಅಂದೆ. ನಿನ್ನೆಯಿಂದ ಇಲ್ಲ ಅಂದ.

ಈ ಹುಡುಗರಿಗೆ ಆತ್ಮಸಾಕ್ಷಿ ಎಚ್ಚರಾಗಲು ನನ್ನ ಪರೀಕ್ಷೆಯ ಹಿಂದಿನ ದಿನವೇ ಬೇಕೇ? ಬ್ರೆಡ್ಡು, ಚೀಸು, ಬಿಳಿ ಹಾಳೆ, ಎರಡು ಪೆನ್ನು ಚೀಲಕ್ಕೆ ಹಾಕಿಕೊಂಡಿದ್ದೇನೆ. ಮಳೆ ಬೇರೆ ಶುರುವಾಯಿತು. ಸೈಕಲ್ಲಿನ ಮುಂದಿನ ದೀಪ ವಾರದಿಂದ ಕೆಟ್ಟಿದೆ. ಬೆಳಕಿರುವಾಗಲೇ ಹೋಗಿ ಸೇರಬೇಕು.